ಮಾರ್ತಾಂಡನ ಇಂಗ್ಲಿಷ್ ಹಾಡು

೩ ಆಗಸ್ಟ್ ೨೦೦೧
ದಿನಾ ಏನು ಕೇಳಿಸಿತು, ಏನು ಕೇಳಿಸಲಿಲ್ಲ — ಬರೆಯಬೇಕಂತೆ. ಕಿವಿ ಡಾಕ್ಟರಮ್ಮನ ಹುಕುಂ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನಿಗೆ ಈ ಶಿಕ್ಷೆ ಯಾಕೆ? ನಲವತ್ತು ವರ್ಷ ಮದುವೆ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ ಬಾರಿಸಿದವನು ನಾನು. ಕಿವಿಗೆ ಹತ್ತಿ ಇಟ್ಟುಕೊಂಡವರನ್ನು ನೋಡಿ ನಕ್ಕವನು.
ಕೇಳಿಸಿದ್ದು: ರಿಕ್ಷಾ, ಬಾಗಿಲು ಬಡಿದದ್ದು. ಕೇಳಿಸದ್ದು: ಕುಕ್ಕರ್ ಸೀಟಿ, ಸೊಸೆಯ ಅರ್ಧ ಮಾತು. ಅದು ಲಾಭ.

೬ ಆಗಸ್ಟ್
ಬ್ಯಾಂಡ್ ಮಾಸ್ತರ ಸಿದ್ದಲಿಂಗಪ್ಪ ಬಂದಿದ್ದ. ಕಿವಿಯ ಹತ್ತಿರ ಬಾಯಿಟ್ಟು ಕೂಗಿದ.
“ಅವ್ವಣ್ಣಾ, ನಿನ್ನ ತಮ್ಮನ ಹಾಡು ಬಾರಸದ ಮದವಿ ವರಾತ ಮುಂದಕ ಹೋಗವಲ್ದಪಾ! ಹೊಸಾ ಕಾರ್ನೆಟ್‌ ಊದಾಂವಗ ಕಲಸಬೇಕು. ಅವನ ಹಾಡಿನ ಕ್ಯಾಸೆಟ್ ಕೊಡು.”
ನಾವು ಯಾರೂ ಸ್ವರ ಬರೆದುಕೊಂಡು ಕಲಿತವರಲ್ಲ. ಕೇಳಿ ಕೇಳಿ ಕಲಿಯುವುದು.
ತಮ್ಮ ಮಾರ್ತಾಂಡ ಎಪ್ಪತ್ತೊಂಬತ್ತರಲ್ಲಿ ಆ ಇಂಗ್ಲಿಷ್ ಹಾಡನ್ನು ಹೋಟೆಲಿನಲ್ಲಿ ಹಾಡಿದ. ಮುಖಕ್ಕೆ ಬೆಳ್ಳಿ ಬಣ್ಣ, ಮಿಂಚುವ ಅಂಗಿ, ಎತ್ತರದ ಹಿಮ್ಮಡಿಯ ಬೂಟು. ಗಿಟಾರ್ ಗರಗಸದಂತೆ. ಇವನ ದನಿ ಹುಡುಗಿಯಂತೆ ಏರಿ, ಕೊನೆಗೆ ಕಿರುಚಾಟ. ಜನ ಸೀಟಿ ಹೊಡೆದರು, ಬಾಳೆಹಣ್ಣಿನ ಸಿಪ್ಪೆ ಎಸೆದರು. ಎಲ್ಲರ ಮುಂದೆ ಕಪಾಳಕ್ಕೆ ಹೊಡೆದೆ.
“ತಮಾಶಾದಾಗ ಕುಣಿಯಾಕಿ ಏನೋ ನೀ?”
“ಹಾಡು ಕೇಳೋ ಅಣ್ಣಾ. ಮಾರಿ ಏನ್ ನೋಡ್ತಿ?”
ಎರಡು ತಿಂಗಳಿಗೆ ಕಾಮಾಲೆ. ತೀರಿಹೋದ.
ಮರುವರ್ಷವೇ ಮದುವೆಯವರು ಅದೇ ಹಾಡು ಬಾರಿಸಿ ಎಂದು ಕೇಳತೊಡಗಿದರು. ಇಂದಿಗೂ. ಅರ್ಥ ಒಬ್ಬನಿಗೂ ತಿಳಿಯದು. ಎರಡು ಪೆಟ್ಟು, ಒಂದು ಚಪ್ಪಾಳೆ — ಮದುಮಗನ ಅಜ್ಜನೂ ಕಾಲು ಎತ್ತುತ್ತಾನೆ.

೭ ಆಗಸ್ಟ್, ಮಧ್ಯಾಹ್ನ
ಅವನು ಹೋದಮೇಲೆ ಆ ಕ್ಯಾಸೆಟ್ ನಾನು ಒಮ್ಮೆಯೂ ಹಾಕಿರಲಿಲ್ಲ. ಕೊಡುವ ಮೊದಲು ಇಂದು ಹಾಕಿದೆ. ಡ್ರಮ್ ಇದೆ. ದನಿ ಇಲ್ಲ! ಯಾರೋ ಅಳಿಸಿದ್ದಾರೆ. ಸೊಸೆ ಶೈಲಶ್ರೀಯ ಮೇಲೆ ಹರಿಹಾಯ್ದೆ. ಅವಳು ಕಿವಿಯಲ್ಲಿ ಕೂಗಿದಳು.
“ಮಾವಾರ, ದನಿ ಅದ ರೀ! ಭಾಳ ಛಂದ ಹಾಡ್ಯಾರ... ನಿಮಗ ಕೇಳಸವಲ್ದು.”
ಇನ್ನೊಮ್ಮೆ ಹಾಕಿಸಿದೆ. ಕೊನೆಗೆ ಅವಳ ಮುಖ ಬದಲಾಯಿತು.
“ಏನಂದ?”
“‘ಡ್ರಮ್ ಬಾರ್ಸಿದಾಂವ ನಮ್ಮಣ್ಣ’ ಅಂತಾರ್ರಿ. ನಗ್ತಾರ.”
ಹೌದು. ಹೋಟೆಲಿಗಿಂತ ಮೊದಲು, ರಿಯಾಜಿನ ದಿನ ತುಂಬಿಸಿದ್ದು; ಡ್ರಮ್ ನಾನೇ ಬಾರಿಸಿದ್ದೆ. ಕೇಳಿಸುತ್ತಿರುವುದು ನನ್ನದೇ ಪೆಟ್ಟು. ಅಷ್ಟೇ.

೧೯ ಆಗಸ್ಟ್
ಹನ್ನೊಂದು ದಿನ ಬರೆಯಲಿಲ್ಲ. ಏನು ಬರೆಯುವುದು?
ಇಂದು ರಿಯಾಜಿಗೆ ಹೋಗಿದ್ದೆ. ಎಂಟು ಜನ ಕ್ಯಾಸೆಟ್ ಸುತ್ತ ಕೂತು ಕೇಳಿದರು. ಎಂಟು ಜನಕ್ಕೂ ಮಾರ್ತಾಂಡ ಕೇಳಿಸಿದ. ನಾನು ಅವರ ಮುಖ ನೋಡುತ್ತ ಕೂತೆ.
ಡಾಕ್ಟರಮ್ಮ, ನನಗೆ ಕುಕ್ಕರ್ ಬೇಡ, ರಿಕ್ಷಾ ಬೇಡ. ನೀವು ಹೇಳುವ ಆ ಕಿವಿ ಮಿಷನ್ ಹಾಕಿದರೆ ಆ ಒಂದು ದನಿ ಕೇಳಿಸುತ್ತದೆಯೋ ಇಲ್ಲವೋ? ‘ನೋಡೋಣ’ ಅನ್ನಬೇಡಿ. ೨೭ನೇ ತಾರೀಖು ಸೋಮವಾರ ಈ ವಹಿ ತೋರಿಸಲು ಬರುತ್ತೇನೆ; ಅಂದೇ ಹೇಳಿ.