ಸೋದರತ್ತೆ ಇಡದ ಹೆಸರು

ಉಯಿಹಾ, ಹಾಪೈ ದ್ವೀಪಗಳು, ಟೊಂಗಾ
೧೬ ಜುಲೈ ೧೯೮೪, ಸೋಮವಾರ

ಪ್ರೀತಿಯ ತಮ್ಮ ಸಾಲೇಸಿ,

ಎಲ್ಲರೂ ಆರೋಗ್ಯವೇ? ಪಿಸಿಲಾ ಎದ್ದು ಓಡಾಡುತ್ತಿದ್ದಾಳೆಯೇ? ಆಕ್ಲೆಂಡಿನಲ್ಲಿ ಈಗ ಕೊರೆಯುವ ಚಳಿಯಂತೆ, ಬರಿಗಾಲಲ್ಲಿ ನಿಲ್ಲಬೇಡ ಎಂದು ಅವಳಿಗೆ ಹೇಳು. ನನ್ನ ಮಂಡಿ ನೋವು ಹಾಗೆಯೇ ಇದೆ. ಒಬ್ಬಳಿಗಾಗಿ ನೆಲದೊಲೆ ಹೊತ್ತಿಸಲು ಬೇಸರವಾಗಿ ಭಾನುವಾರ ಪಕ್ಕದ ಮನೆ ವೈಸಿಮಾಳ ಜೊತೆ ಉಣ್ಣುತ್ತೇನೆ. ಉಳಿದಂತೆ ಒಂದು ಗೆಡ್ಡೆ ಬೇಯಿಸಿದರೆ ಎರಡು ದಿನ ಬರುತ್ತದೆ. ನೀವಿದ್ದಾಗ ಒಂದು ಬುಟ್ಟಿಯೂ ಸಾಲುತ್ತಿರಲಿಲ್ಲ.

ನಿನ್ನ ಕಾಗದ, ಫೋಟೊ ಗುರುವಾರದ ದೋಣಿಯಲ್ಲಿ ಬಂದವು. ಮುದ್ದು ಮಗು, ಮೂಗು ಮಾತ್ರ ನಮ್ಮಪ್ಪನದು, ಪಾಪ! ಆಮೇಲೆ ಫೋಟೊದ ಹಿಂದೆ ಬರೆದಿದ್ದ ಹೆಸರು ನೋಡಿದೆ. ಗ್ಲೆನಿಸ್. ಮೂರು ಸಲ ಓದಿ ಮಡಿಲಲ್ಲಿ ಇಟ್ಟುಕೊಂಡು ಕುಳಿತೆ. ಸಿಟ್ಟು ಬಂತು ಸಾಲೇಸಿ, ಸುಳ್ಳು ಹೇಳುವುದಿಲ್ಲ. ತಮ್ಮನ ಮಕ್ಕಳಿಗೆ ಹೆಸರಿಡುವವಳು ಸೋದರತ್ತೆ ಎಂದು ನಿನಗೆ ನಾನು ಹೇಳಿಕೊಡಬೇಕೇ? ನೀನು ಕೊಬ್ಬರಿ ಹಡಗಿನಲ್ಲಿ ಹೋಗಿದ್ದಾಗ ಹುಟ್ಟಿದವನಿಗೆ ಯಾನ ಎಂಬ ಅರ್ಥದ ಫೊಲಾವ್ ಹೆಸರಿಟ್ಟವಳು ನಾನು. ಚರ್ಚಿನ ಮಾಡು ಹಾರಿದ ವಾರ ಹುಟ್ಟಿದ ಚಿಕ್ಕವನಿಗೆ ಬಿರುಗಾಳಿ ಎಂಬ ಅರ್ಥದ ಅಫಾ ಹೆಸರಿಟ್ಟವಳೂ ನಾನೇ. ಅದಕ್ಕೆ ತಕ್ಕಂತೆ ಅವನು ಮನೆಯಲ್ಲಿ ಒಂದು ತಟ್ಟೆ ಉಳಿಸಿದ್ದರೆ ಕೇಳು. ನನಗೆ ಗಂಡನಿಲ್ಲ, ಮಕ್ಕಳಿಲ್ಲ. ನಿನ್ನ ಮಕ್ಕಳನ್ನು ಯಾರಾದರೂ ಕೂಗಿದಾಗ ಅದು ನಾನು ಕೊಟ್ಟ ಹೆಸರು ಎಂಬುದೊಂದೇ ನನ್ನ ದೊಡ್ಡಸ್ತಿಕೆ.

ತಪ್ಪೆಲ್ಲ ನಿನ್ನದೇ ಎನ್ನಲಾರೆ. ಹೆಂಡತಿ ಬಸುರಿ ಎಂದು ನೀನು ಅಕ್ಕನಿಗೆ ಬರೆಯುವಂತಿಲ್ಲ, ಅಕ್ಕ ಕೇಳುವಂತಿಲ್ಲ. ಆ ಮರ್ಯಾದೆ ಮೀರಿದವರು ನಮ್ಮಲ್ಲಿ ಯಾರಿದ್ದಾರೆ? ಈ ಸಾಲು ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತಿದೆ. ಊರಲ್ಲಿದ್ದಾಗ ಪಿಸಿಲಾಳ ತಾಯಿ ಚಾಪೆ ಹಿಡಿದು ಬಂದು ನನ್ನ ಬಳಿ ಮಗುವಿಗೆ ಹೆಸರು ಕೇಳುತ್ತಿದ್ದರು, ನಾವಿಬ್ಬರೂ ಬಾಯಿ ಬಿಡಬೇಕಾಗಿರಲಿಲ್ಲ. ಅಲ್ಲಿಂದ ಯಾರು ಬರಬೇಕು? ನಿಮ್ಮ ಬೀದಿಯಲ್ಲೇ ಇರುವ ವೈಸಿಮಾಳ ಮಗಳಿಂದ ನನಗೆ ವಿಷಯ ತಿಳಿಯಿತು. ನೀನು ಯಾರ ಕೈಲಾದರೂ ಕೇಳಿಸುತ್ತೀಯ ಎಂದು ತಿಂಗಳುಗಟ್ಟಲೆ ದೋಣಿ ಕಾದೆ. ಕೇಳದೆ ಹೆಸರು ಕಳಿಸುವ ಸೋದರತ್ತೆ ನಾನಲ್ಲ. ವೈಸಿಮಾ ದಿನಾ ಚುಚ್ಚುತ್ತಿದ್ದಳು: "ಏನೇ ಲೋಯ್ಸಿ, ಇವತ್ತೂ ಕಾಗದ ಇಲ್ವಾ? ಆ ಕೂಸಿಗೆ ಮದುವೆ ಆದ್ಮೇಲೆ ಹೆಸರಿಡ್ತೀಯೇನೋ!"

ನಾನು ಇಟ್ಟುಕೊಂಡಿದ್ದ ಹೆಸರು ಮನಾತು. ನೆನಪು. ಆ ಬೀದಿಯಲ್ಲಿ ನೀನು ಮಗಳನ್ನು ಕೂಗಿದಾಗಲೆಲ್ಲ ನಾನು ನೆನಪಾಗಲಿ ಎಂಬ ಆಸೆ. ವೈಸಿಮಾಳ ಮಗಳಿಂದ ಹೆಣ್ಣು ಮಗು ಹುಟ್ಟಿದ ಸುದ್ದಿ ಬಂದ ಭಾನುವಾರವೇ ಆ ಹೆಸರನ್ನು ಪಾದ್ರಿಗಳಿಗೆ ಹೇಳಿಬಿಟ್ಟೆ. ನಾಲ್ಕು ಭಾನುವಾರ ಇಡೀ ಊರು ಮನಾತುವಿಗಾಗಿ ಪ್ರಾರ್ಥಿಸಿತು. ಆ ಹೆಸರಿನ ಮಗುವೇ ಇರಲಿಲ್ಲ ಎಂದು ಗುರುವಾರ ಗೊತ್ತಾಯಿತು. ಈ ಮನೆ ಇಷ್ಟು ಖಾಲಿ ಎಂದು ನನಗೆ ಮೊದಲು ಅನ್ನಿಸಿದ್ದು ಅವತ್ತೇ.

ನಿನ್ನ ಕಾಗದವನ್ನು ಮತ್ತೆ ಓದಿದೆ. ಪಿಸಿಲಾಗೆ ಹುಷಾರಿರಲಿಲ್ಲ ಎಂದಷ್ಟೇ ಬರೆದಿದ್ದೀಯ. ಎಷ್ಟು ಕಷ್ಟವಾಗಿರಬೇಕು ಎಂಬುದು ಹೆಂಗಸಾದ ನನಗೆ ಗೊತ್ತಾಗುತ್ತದೆ. ಪಾಳಿ ಮುಗಿದರೂ ಮನೆಗೆ ಹೋಗದೆ ಆಸ್ಪತ್ರೆಯ ದಾದಿ ಗ್ಲೆನಿಸ್ ಅವಳ ಕೈ ಹಿಡಿದು ಕುಳಿತಿದ್ದಳು, ಅದಕ್ಕೇ ಮಗುವಿಗೆ ಅವಳ ಹೆಸರು ಎಂದಿದ್ದೀಯ. ಅಲ್ಲಿ ನಾನು ಕೂರಬೇಕಿತ್ತು. ನಿನ್ನ ಹೆಸರೂ ಯಾವುದೋ ಹಡಗಿನ ಕಪ್ತಾನನದು, ನನ್ನದು ಬೈಬಲ್ಲಿನ ಯಾವುದೋ ಅಜ್ಜಿಯದು. ನಮ್ಮತ್ತೆ ತಂದಿಟ್ಟ ಮೇಲೆ ನಮ್ಮವಾದವು.

ಮಗುವಿಗೆ ಹೊದಿಸಲು ಕೇದಿಗೆ ಗರಿಯ ಮೆತ್ತನೆ ಚಾಪೆ ಕಳಿಸಿದ್ದೇನೆ. ಪಿಸಿಲಾಗೆ, ಮಕ್ಕಳಿಗೆ ನನ್ನ ಮುತ್ತುಗಳು. ಆ ದಾದಿಗೂ ನನ್ನ ನಮಸ್ಕಾರ ಹೇಳು. ದೇವರು ನಿಮ್ಮ ಬಾಗಿಲು ಕಾಯಲಿ.

ನಿನ್ನ ಅಕ್ಕ,
ಲೋಯ್ಸಿ

ಒಂದು ಮಾತು ಮರೆತಿದ್ದೆ. ದೋಣಿ ಕೂಗುತ್ತಿದೆ, ಬೇಗ ಬರೆಯುತ್ತೇನೆ. ನಿನ್ನೆ ಚರ್ಚಿನಲ್ಲಿ ಎದ್ದು ನಿಂತು, ಮನಸ್ಸು ಬದಲಾಯಿಸಿದ್ದೇನೆ, ನನ್ನ ಸೋದರಸೊಸೆಗೆ ಗ್ಲೆನಿಸ್ ಎಂದು ಹೆಸರಿಟ್ಟಿದ್ದೇನೆ ಎಂದು ಹೇಳಿದೆ. ಪಾದ್ರಿಗಳು ನಮ್ಮ ನಾಲಿಗೆಗೆ ಹೊಂದಿಸಿ ಕೆಲೆನಿಸಿ ಎಂದು ಪ್ರಾರ್ಥಿಸಿದರು. ವೈಸಿಮಾಳ ಮಗಳು ವಿಚಾರಿಸಿದರೆ ಅತ್ತೆಯೇ ಇಟ್ಟದ್ದು ಎನ್ನು, ನನ್ನ ಮಾನ ಉಳಿಸು. ಆ ದಾದಿಯನ್ನು ಕೇಳಿ ಹೆಸರಿನ ಅರ್ಥ ಮುಂದಿನ ದೋಣಿಗೇ ಬರೆ. ಎಲ್ಲರೂ ಕೇಳುತ್ತಿದ್ದಾರೆ, ಇಟ್ಟವಳಿಗೇ ಗೊತ್ತಿಲ್ಲ ಎಂದು ಹೇಗೆ ಹೇಳಲಿ?