ಜಂಟಿ ಸಾಲದಿಂದ ನಿನ್ನ ಹೆಸರು

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಡುಗು,

ಹೇಗಿದ್ದೀಯ? ನಿನ್ನ ಕಾಗದ ಬಂದು ಬಹಳ ದಿನವಾಯಿತು. ಫ್ಯಾಕ್ಟರಿಯಲ್ಲಿ ಓವರ್‌ಟೈಮ್ ಇತ್ತು, ಅದಕ್ಕೇ ಬರೆಯಲಾಗಲಿಲ್ಲ ಎಂದು ಸುಳ್ಳು ಹೇಳಬಹುದಿತ್ತು. ಹೇಳುವುದಿಲ್ಲ. ಸಿಟ್ಟು ಬಂದಿತ್ತು, ಬರೆಯಲಿಲ್ಲ, ಅಷ್ಟೇ. ಕಾಗದದ ತುಂಬ 'ತಾವು', 'ದಯವಿಟ್ಟು', 'ಆದಷ್ಟು ಬೇಗ'! ಮ್ಯಾನೇಜ್‌ಮೆಂಟಿನ ನೋಟಿಸು ಕೂಡ ಇಷ್ಟು ಮರ್ಯಾದೆಯಾಗಿ ಇರುತ್ತಿರಲಿಲ್ಲ. 'ರೀ' ಬೇಡ, 'ಲೇ' ಬೇಡ, ಇಬ್ಬರೂ 'ನೀನು' ಎಂದು ಮದುವೆಯ ದಿನ ಯೂನಿಯನ್ ಆಫೀಸಿನಲ್ಲಿ ಎಲ್ಲರೆದುರು ಒಪ್ಪಿಕೊಂಡವರು ನಾವು. ಕೋರ್ಟು ರದ್ದು ಮಾಡಿದ್ದು ಮದುವೆಯನ್ನು. 'ನೀನು' ಅನ್ನುವುದನ್ನೂ ರದ್ದು ಮಾಡಿದ ಹಾಗೆ ತೀರ್ಪಿನಲ್ಲಿ ಎಲ್ಲೂ ಇಲ್ಲ, ಹುಡುಕಿದ್ದೇನೆ.

ಅತ್ತೆ ಚೆನ್ನಾಗಿದ್ದಾರೆ. ನಿನ್ನ ಅಮ್ಮ ಎಂದು ಬರೆಯಬೇಕೇನೋ, ಅವರೇ ಬಿಡುವುದಿಲ್ಲ. ಪಕ್ಕದ ಮನೆಯಾಕೆ, "ಮಗ ಬಿಟ್ಟುಹೋದ ಮೇಲೂ ಸೊಸೆ ಜೊತೇಲೇ ಇದೀರಲ್ಲ ಅಜ್ಜಿ?" ಅಂದಳಂತೆ. "ಡೈವೋರ್ಸ್ ಕೊಟ್ಟಿದ್ದು ಅವನು ಕಣಮ್ಮ, ನಾನೇನು ಕೊಟ್ಟಿಲ್ಲವಲ್ಲ" ಅಂದರಂತೆ ಇವರು. ಮೊಣಕಾಲು ಸೋತಿದೆ, ಬಾಯಿ ಗಟ್ಟಿಯಾಗಿದೆ.

ಈಗ ನಿನ್ನ ವಿಷಯ. ಈ ಮನೆಯ ಸಾಲದಲ್ಲಿ ನಿನ್ನ ಹೆಸರು ಇನ್ನೂ ಇದೆ, ಅದಕ್ಕೇ ಆ ಊರಿನಲ್ಲಿ ನಿನಗೆ ಬೇರೆ ಮನೆ ಸಾಲ ಕೊಡುವುದಿಲ್ಲ ಎಂದಿದ್ದಾರೆ ಅಂತ ಬರೆದಿದ್ದೀಯ. ನಾನು ನಂಬಲಿಲ್ಲ. ಮನೆಯೂ ಅವಳದು, ಸಾಲವೂ ಅವಳದು ಎಂದು ತೀರ್ಪಿನಲ್ಲಿ ಬರೆದಿದೆಯಲ್ಲ! ಅದನ್ನೇ ಹಿಡಿದುಕೊಂಡು ಬ್ಯಾಂಕಿಗೆ ಹೋದೆ. ಸಾಲದ ಅಧಿಕಾರಿ ಪೂರ್ತಿ ಓದಿದ, ಮಡಚಿದ, ನನ್ನ ಕಡೆಗೇ ತಳ್ಳಿದ.

"ಇದು ನೀವು ನೀವು ಮಾಡಿಕೊಂಡಿರೋದು ಮೇಡಂ. ಇದಕ್ಕೆ ನಾವು ಸಹಿ ಹಾಕಿದೀವಾ? ನಮ್ಮ ಲೆಕ್ಕದಲ್ಲಿ ನೀವಿಬ್ಬರೂ ಇನ್ನೂ ಜೊತೇಲೇ ಇದೀರಿ."

ನನಗೆ ಅಲ್ಲೇ ನಗು ಬಂತು ಕಣೋ. ಸಹಿ ಹಾಕದವನನ್ನು ಒಪ್ಪಂದ ಕಟ್ಟಿಹಾಕುವುದಿಲ್ಲ ಎಂದು ಗೇಟಿನ ಮುಂದೆ ಸ್ಟೂಲು ಹತ್ತಿ ಊರಿಗೆಲ್ಲ ಪಾಠ ಹೇಳಿದವರು ಯಾರು? ಮಾಲೀಕನ ಸಹಿ ಇಲ್ಲದ ಮಾತನ್ನು ನಂಬಬೇಡಿ ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದವನು ನೀನು. ಅದಕ್ಕೇ ತಾನೆ ಗುಡುಗು ಅಂತ ಹೆಸರು ಬಿದ್ದದ್ದು. ನಮ್ಮದೇ ಮನೆಯ ಮಾತು ಬಂದಾಗ ಮಾತ್ರ ಬ್ಯಾಂಕನ್ನು ಹೊರಗಿಟ್ಟು ಎಲ್ಲ ಮುಗಿಯಿತೆಂದು ಕೈ ತೊಳೆದುಕೊಂಡೆವು. ನಗು ಬಂದದ್ದು ನಿಜ. ಆದರೆ 'ಇನ್ನೂ ಜೊತೇಲೇ ಇದೀರಿ' ಎಂಬ ಮಾತು ಬಸ್ಸಿನಲ್ಲಿ ಪಕ್ಕಕ್ಕೇ ಕೂತು ಮನೆಯವರೆಗೂ ಬಂತು.

ಆಮೇಲೆ ಇನ್ನೂ ಮೂರು ಸಲ ಅಲೆದೆ. ನನ್ನೊಬ್ಬಳ ಸಂಬಳದ ಮೇಲೆ ಸಾಲ ನಿಲ್ಲುವುದಿಲ್ಲವಂತೆ. "ಅಣ್ಣನೋ ತಮ್ಮನೋ, ಮನೇಲಿ ಗಂಡಸರು ಯಾರಾದ್ರೂ ಇದಾರಾ?"

"ಒಬ್ಬ ಇದ್ದ. ಅವನ ಹೆಸರು ತೆಗೆಸೋಕೇ ಬಂದಿರೋದು" ಅಂದೆ.

ಅಧಿಕಾರಿಗೆ ಕೆಮ್ಮು ಬಂತು. ನನಗೆ ಮೈಯೆಲ್ಲ ಉರಿಯಿತು. ನೀನು ಹೋದಾಗಿನಿಂದ ಒಂದು ಕಂತೂ ತಪ್ಪಿಸದೆ ಕಟ್ಟಿರುವವಳು ನಾನು. ಕಾಲರ್ ಹೊಲಿದು ಹೊಲಿದು ನನ್ನ ಬೆರಳಿನ ತುದಿ ಸತ್ತಿದೆ, ಬಿಸಿ ಲೋಟ ಹಿಡಿದರೂ ಗೊತ್ತಾಗುವುದಿಲ್ಲ. ವಸೂಲಿ ಮಾಡುವಾಗ ಹೆಣ್ಣಿನ ದುಡ್ಡು ದುಡ್ಡೇ. ನಂಬುವಾಗ ಮಾತ್ರ ಪಕ್ಕದಲ್ಲೊಂದು ಮೀಸೆ ಬೇಕು. ಥೂ!

'ಮಾರಿಬಿಡಿ, ಇಬ್ಬರಿಗೂ ತಲೆನೋವು ತಪ್ಪುತ್ತದೆ' ಎಂದು ಬರೆದಿದ್ದೀಯ. ಅತ್ತೆಗೆ ಓದಿ ಹೇಳಿದೆ. "ನನ್ನನ್ನೂ ಸೇರಿಸಿ ಮಾರ್ತಾನಂತಾ? ಕೇಳು" ಅಂದರು. ಮಾರುವುದಿಲ್ಲ. ದಾರಿ ಸಿಕ್ಕಿದೆ: ಮುಂದಿನ ಕೋಣೆಯನ್ನು ಇಬ್ಬರು ನರ್ಸುಗಳಿಗೆ ಬಾಡಿಗೆಗೆ ಕೊಟ್ಟಿದ್ದೇನೆ. ಆ ಬಾಡಿಗೆಯನ್ನು ನನ್ನ ಸಂಬಳದ ಜೊತೆ ಸೇರಿಸಿ, ಸಾಲವನ್ನು ನಾನು ರಿಟೈರ್ ಆಗುವವರೆಗೂ ಎಳೆದು, ಬ್ಯಾಂಕಿನವರು ಒಪ್ಪಿದ್ದಾರೆ. ಅತ್ತೆಯ ಮಂಚ ನನ್ನ ಕೋಣೆಗೆ ಬಂತು. ನಿನ್ನ ಗೊರಕೆ ಎಲ್ಲಿಂದ ಬಂದದ್ದು ಎಂದು ಈಗ ತಿಳಿಯಿತು.

ಮುಂದಿನ ಕೋಣೆ ನಿನಗೆ ಗೊತ್ತಲ್ಲ. ನಮ್ಮ ಮೀಟಿಂಗಿನ ಕೋಣೆ. ಮಂಡಿಗೆ ಮಂಡಿ ತಾಗಿಸಿ ನಲವತ್ತು ಜನ ಕೂರುತ್ತಿದ್ದರು, ನೀನು ಕಿಟಕಿಗೆ ಒರಗಿ ನಿಲ್ಲುತ್ತಿದ್ದೆ. ಬಣ್ಣ ಬಳಿಯಲು ಬಂದವನು, "ಇದೇನಮ್ಮ, ಕಿಟಕಿ ಪಕ್ಕ ಗೋಡೆ ಇಷ್ಟು ಸವೆದಿದೆ?" ಅಂದ. "ಅಲ್ಲೊಬ್ಬ ಮನುಷ್ಯ ಇದ್ದ" ಅಂದೆ. ಅವನು ಅದರ ಮೇಲೂ ಬಳಿದ. ಬಾಡಿಗೆಯವರಿಗೆ ಚೊಕ್ಕ ಗೋಡೆ ಬೇಕು.

ನಮ್ಮ ನಡುವೆ ಮೂರನೆಯವರು ಯಾರೂ ಬರಲಿಲ್ಲ. ಮುಷ್ಕರ ಮುರಿದಾಗ ನೀನು ರಾಜಿ ಅಂದೆ, ನಾನು ಶರಣಾಗತಿ ಅಂದೆ. ಆ ಎರಡು ಮಾತು ಒಂದೇ ಮಂಚದಲ್ಲಿ ಮಲಗಲಿಲ್ಲ. ನಾನು ಹೇಳಿದ್ದು ಸರಿ ಎಂದೇ ಇವತ್ತಿಗೂ ಅನ್ನುತ್ತೇನೆ. ಸರಿ ಎನ್ನುತ್ತಲೇ ಸಂಜೆ ಶಿಫ್ಟು ಬಿಟ್ಟಾಗ ಗೇಟಿನಾಚೆ ನಿನ್ನ ಸೈಕಲ್ಲು ಹುಡುಕುತ್ತೇನೆ. ನೀನು ಬರುವುದಿಲ್ಲ ಎಂದು ತಲೆಗೆ ಗೊತ್ತು, ಕತ್ತಿಗೆ ಗೊತ್ತಿಲ್ಲ, ತಾನಾಗಿ ತಿರುಗುತ್ತದೆ.

ಹೊಸ ಮನೆ ಒಬ್ಬನಿಗೋ ಇಬ್ಬರಿಗೋ ಎಂದು ಅತ್ತೆ ಕೇಳಲು ಹೇಳಿದ್ದಾರೆ. ನಾನು ಕೇಳುತ್ತಿಲ್ಲ. ಅವರಿಗೆ ನೀನೇ ಬರೆ.

ಸಾಲದಿಂದ ನಿನ್ನ ಹೆಸರು ತೆಗೆಯುವ ಕಾಗದ ತಯಾರಾಗಿದೆ. ನೀನು ಇಲ್ಲಿಗೆ ಬರುವ ಅಗತ್ಯವಿಲ್ಲ. ನಿನ್ನ ಊರಿನ ಬ್ರಾಂಚಿಗೇ ಕಳಿಸುತ್ತಾರಂತೆ, ಅಲ್ಲೇ ಸಹಿ ಹಾಕಿದರೆ ಸಾಕು. ಆಮೇಲೆ ನಿನಗೆ ಸಾಲ ಸಿಗುತ್ತದೆ. ಒಳ್ಳೆಯ ಗಾಳಿ ಬೆಳಕಿನ ಮನೆ ನೋಡು, ದುಡುಕಬೇಡ. ಆ ಊರಿನ ಚಳಿಗೆ ಎದೆ ಮುಚ್ಚಿಕೊಂಡು ತಿರುಗು. ಅತ್ತೆ ನಿನ್ನನ್ನು ಬೈದರು, ಬೈದು ಮುಗಿಸಿ ನೂರು ಕಾಲ ಬಾಳಲಿ ಅಂದರು. ಎರಡೂ ನಿನಗೆ ಸೇರಿದ್ದು.

ಇಂತಿ,
ಸೂಜಿ

ಮಡಚಿದ್ದನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ: ಅಲ್ಲಿ ಸಹಿ ಹಾಕಬೇಡ. ಇಲ್ಲಿಗೆ ಬಾ. ಬೇರೆಯಾಗುವ ಅರ್ಜಿಗೆ ನೀನು ಸೋಮವಾರ ಹೋಗಿ ಸಹಿ ಹಾಕಿದೆ, ನಾನು ಬುಧವಾರ. ಕೋರ್ಟಿನಲ್ಲಿ ನಮ್ಮ ನಡುವೆ ವಕೀಲರ ಬೆನ್ನುಗಳಿದ್ದವು. ನೀನು ಪೆಟ್ಟಿಗೆ ಎತ್ತಿಕೊಂಡು ಹೊರಟಾಗ ನಾನು ಶಿಫ್ಟಿನಲ್ಲಿದ್ದೆ. ನಾನಿಲ್ಲದ ಹೊತ್ತು ನೋಡಿಯೇ ಹೊರಟೆ. ಕೆಲಸ ಬಿಟ್ಟವರಿಗೆ, ಸತ್ತವರಿಗೂ, ಗೇಟಿನ ಹತ್ತಿರ ನಿಂತು ಹೋಗಿ ಬಾ ಅಂದವಳು ನಾನು. ನಿನಗೊಬ್ಬನಿಗೆ ಅನ್ನಲಿಲ್ಲ. ಬ್ಯಾಂಕಿಗೆ ನೀನು ಬೇಕಾಗಿಲ್ಲ, ನನಗೆ ಬೇಕು. ನನ್ನ ಎದುರಿಗೆ ಕೂತು ಸಹಿ ಹಾಕು. ಎದ್ದು ನಿಲ್ಲು. ಬಾಗಿಲವರೆಗೆ ನಡೆ. ನೀನು ಹೋಗುವುದನ್ನು ಒಂದು ಸಲ ನನ್ನ ಕಣ್ಣಾರೆ ನೋಡಬೇಕು.