ಲೇಖಕರ ಸಾಲಿನಾಗ ನಿಮ್ಮ ಹೆಸರು

ದೇಹೂ ರೋಡ್, ಪುಣೆ
೧೨ ಜೂನ್ ೨೦೨೫

ಅನುಜಾನ ಅಪ್ಪಾರಿಗೆ,

‘ಪ್ರೀತಿಯ’ ಅಂತ ಮೊದಲು ಬರದಿದ್ದೆ, ಆಮ್ಯಾಲೆ ಹೊಡದುಹಾಕಿದೆ. ಆರಾಮ ಇದ್ದೀರೇನು? ಜಬಲ್ಪುರದ ಬಿಸಲು ಭಾಳ ಕೆಟ್ಟದ್ದಂತ, ಮಂಡಿ ನೋವು ಹ್ಯಾಂಗದ? ಬಿ.ಪಿ. ಗುಳಿಗಿ ತಪ್ಪಸಬ್ಯಾಡ್ರಿ. ಸಿಟ್ಟು ಬ್ಯಾರೆ, ಗುಳಿಗಿ ಬ್ಯಾರೆ. ಅನುಜಾ ನಾಗಪುರದಾಗ ಪರೀಕ್ಷಾ ಮುಗಿಸ್ಯಾಳ, ಚೊಲೋ ಬರದೀನಿ ಅಂತಾಳ. ಆಫೀಸಿನವರು ನಿಮ್ಮನ್ನ ಇನ್ನೂ ಎಷ್ಟು ತಿಂಗಳು ಅಲ್ಲೇ ಇಟ್ಕೋತಾರೋ ಏನೋ. ಇದನ್ನೆಲ್ಲಾ ಮೊಬೈಲಿನಾಗ ಯಾಕ ಬರೀಲಿಲ್ಲ ಅಂತ ಕೇಳಬ್ಯಾಡ್ರಿ. ಅಲ್ಲಿ ನಾ ಎಷ್ಟು ಬರದ್ರೂ ನೀವು ಒಂದು ಹೆಬ್ಬೆಟ್ಟಿನ ಚಿತ್ರ ಒತ್ತಿ ಸುಮ್ಮನಾಗ್ತೀರಿ. ಕಾಗದ ಆದ್ರ ಕೊನೀತನಕ ಓದ್ತೀರಿ ಅಂತ ಆಸೆ.

ಸುದ್ದಿಗೆ ಬರ್ತೀನಿ. ನಿನ್ನೆ ನೀವು ಫೋನ್ ಮಾಡಿ, ಧಾರವಾಡದ ಓದುಗರ ಬಳಗದವರು ನಮ್ಮ ವೆಬ್‌ಸೈಟಿನ ಲೇಖನಗಳಿಗೆ ಬಹುಮಾನ ಕೊಟ್ಟಾರ, ಇಪ್ಪತ್ತೆರಡಕ್ಕ ಸಭಾ ಅದ, “ಲೇಖಕರು ಅಂತ ನನ್ನನ್ನ ಕರದಾರ, ಒಂದು ಚೊಲೋ ಭಾಷಣ ಬರದು ಕಳಸು” ಅಂದ್ರಿ. ಎಷ್ಟು ಹಗೂರಾಗಿ ಅಂದ್ರಿ! ಒಂದು ಡಬ್ಬಿ ಶೇಂಗಾ ಚಟ್ನಿ ಕಳಸು ಅಂದಂಗ. ನಾನೂ ಹೂಂ ಅಂದೆ, ನನ್ನ ಬಾಯಿಗೆ ಅದೇ ರೂಢಿ. ಫೋನ್ ಇಟ್ಟ ಮ್ಯಾಲೆ ತಲಿ ಧಿಮ್ ಅಂತು. ಲೇಖಕರು ಯಾರ್ರೀ? ಪುಣೆದಾಗ ನಮ್ಮ ಕನ್ನಡ ಮಂದಿ ಹ್ಯಾಂಗ ಬಂದ್ರು, ಹ್ಯಾಂಗ ಬಾಳಿದ್ರು ಅಂತ ಕೇಳ್ಕೋತ ಮನಿ ಮನಿ ತಿರುಗಿದಾಕಿ ಯಾರು? ಲೋಕಲ್ ರೈಲು ಹಿಡದು ತಳೇಗಾಂವಕ್ಕ ಹೋಗಿ, ಬೈಲಹೊಂಗಲದಿಂದ ಮದಿವಿ ಆಗಿ ಬರುವಾಗ ಸೀಟಿನ ಕೆಳಗ ಬೀಸೋಕಲ್ಲು ತುರಕಿಕೊಂಡು ಬಂದ ರುದ್ರವ್ವಜ್ಜಿ ಮುಂದ ಕೂತು ಬರಕೊಂಡಾಕಿ ಯಾರು? ನೀವು ಬರದ ಒಂದು ಸಾಲು ಇದ್ರ ತೋರಸ್ರಿ. ಯಾರದೋ ದುಡ್ಡು ಯಲ್ಲಮ್ಮನ ಜಾತ್ರಿ ಅಂತಾರಲ್ಲ, ಅದನ್ನ ನನ್ನ ಮನ್ಯಾಗೇ ನೋಡಿದಂಗಾತು.

ಹ್ಯಾಂಗಾತು ಇದು ಅಂತ ಲ್ಯಾಪ್‌ಟಾಪ್ ತಗದೆ. ನೀವೇ ಕಲಿಸಿದ ಪಾಠ ನಿಮಗೇ ಒಪ್ಪಸ್ತೀನಿ, ಕೇಳ್ರಿ. ನಮ್ಮ ಸೈಟು ಅಂದ್ರ ಬರೇ ಫೈಲುಗಳು, ಒಂದು ಲೇಖನಕ್ಕ ಒಂದು ಫೈಲು. ಎಡಿಟರ್ ಅನ್ನೋ ಬರಿಯೋ ಸಾಫ್ಟ್‌ವೇರಿನಾಗ ಹೊಸ ಲೇಖನ ಅಂತ ಒತ್ತಿದ್ರ ಫೈಲಿನ ಮ್ಯಾಲ್ಗಡೆ ಒಂದಷ್ಟು ಸಾಲು ತಾವೇ ಬಂದು ಕೂಡ್ತಾವ: ಶೀರ್ಷಿಕಿ, ತಾರೀಖು, ವಿಷಯ, ಕರಡು ಹೌದೋ ಅಲ್ಲೋ, ಲೇಖಕರು ಯಾರು. ಓದೋರಿಗೆ ನಮ್ಮ ಪುಟದಾಗ ಲೇಖಕರ ಸಾಲು ಕಾಣಂಗಿಲ್ಲ, ಆದ್ರ ಗೂಗಲ್ಲಿಗೆ, ವಾಟ್ಸಪ್ಪಿನಾಗ ಹಂಚೋರಿಗೆ ಅದೇ ಆಧಾರ. ಆ ಸಾಲುಗಳ ಅಚ್ಚು ತಯಾರು ಮಾಡಿದವರು ನೀವು, ಲೇಖಕರು ಅನ್ನೋ ಕಡೆ ನಿಮ್ಮ ಹೆಸರೇ ಹಾಕಿಟ್ರಿ. ಬಳಗದವರಿಗೂ ಅಲ್ಲಿಂದಲೇ ನಿಮ್ಮ ಹೆಸರು ಸಿಕ್ಕಿರಬೇಕು. ನಾ ನೋಡಿಲ್ಲ ಅಂತಲ್ಲ. ಗಂಡನ ಹೆಸರು ಬಾಯಿಲೆ ಅನಬಾರದು, ಕೈಲೆ ಬರೀಬಾರದು, ಆಯುಷ್ಯ ಕಮ್ಮಿ ಆಗ್ತದ ಅಂತ ನಿಮ್ಮ ಅವ್ವ ನಂಗ ಕಲಿಸಿದ್ರು. ಆ ಸಾಲಿಗೆ ಬಂದ್ರ ನನ್ನ ಕಣ್ಣು ತಾನೇ ಕೆಳಗ ಇಳೀತಿತ್ತು. ಮನಿ ಬಾಗಲಕ್ಕ ಯಜಮಾನರ ಹೆಸರಿನ ಹಲಗಿ ಇರ್ತದಲ್ಲ, ಇದೂ ಅಂಥಾದ್ದೇ ಅಂತ ತಿಳಕೊಂಡಿದ್ದೆ. ಅದರ ಮ್ಯಾಲೆ ನೀವು ಅಂಜಿಸಿದ್ರಿ. “ಮ್ಯಾಲಿನ ಸಾಲು ಮುಟ್ಟಬ್ಯಾಡ, ಒಂದು ಚುಕ್ಕಿ ಹೆಚ್ಚುಕಮ್ಮಿ ಆದ್ರ ಸೈಟು ಏಳಂಗಿಲ್ಲ.” ಒಮ್ಮೆ ನನ್ನ ಕೈಲೆ ಹಂಗಾದಾಗ ನಿಮ್ಮ ತಂಗಿ ಎದುರಿಗೆ “ಸೌಟು ಹಿಡಿಯೋ ಕೈಗೆ ಇದೆಲ್ಲಾ ಯಾಕ?” ಅಂದ್ರಿ. ಆಕಿ ನಕ್ಕಳು. ನಾನೂ ನಕ್ಕೆ.

ಎಡಿಟರಿನ ಬಾಜೂಕ ಎಲ್ಲಾ ಲೇಖನ ಸಾಲಾಗಿ ತೋರಸೋ ಜಾಗಾ ಅದಲ್ಲ, ಅಲ್ಲಿ ಇನ್ನೊಂದು ಕಂಡೆ. ರುದ್ರವ್ವಜ್ಜಿ ಲೇಖನ ಇನ್ನೂ ಕರಡು ಅಂತ ಇತ್ತು. ಪ್ರಕಟ ಆಗೇದ ಅಂತ ನೀವು ಹೇಳಿದ್ದು ಯುಗಾದಿಗೂ ಮೊದಲು! “ಹೆಂಗಸರ ಗೊಣಗಾಟ ಯಾರು ಓದ್ತಾರ” ಅಂತ ನೀವು ಅಂದದ್ದು ನೆನಪಾತು. ಅಜ್ಜಿ ಮೊಮ್ಮಗಳ ಕಡಿಂದ ಹುಡುಕಿಸಿ, ಎಲ್ಲೂ ಸಿಗವಲ್ದು ತಂಗೀ ಅಂದಾಗ, ನೆಟ್‌ವರ್ಕ್ ಇಲ್ಲೇಳ್ರಿ ಅಂದಿದ್ದೆ. ನಿಮ್ಮನ್ನ ನಂಬಿ ಆ ಮುದುಕಿ ಮುಂದ ಸುಳ್ಳಿ ಆದೆ.

ಅದಕ್ಕ ಆ ಮ್ಯಾಲಿನ ಸಾಲು ಮುಟ್ಟೀನಿ. ಇವತ್ತು ಮುಂಜಾನೆ ಚಹಾ ಕುಡದು ಕೂತು, ಎಲ್ಲಾ ಫೈಲಿನಾಗೂ ನಿಮ್ಮ ಹೆಸರು ಹುಡುಕಿಸಿ, ಆ ಜಾಗಾಕ್ಕ ನನ್ನದು ಹಾಕಿ, ಎಲ್ಲಾ ಒಮ್ಮೆಲೇ ಬದಲಸು ಅಂತ ಒತ್ತಿದೆ. ಹುಡುಕಬೇಕಂದ್ರ ನಿಮ್ಮ ಹೆಸರು ನಾನೇ ಟೈಪ್ ಮಾಡಬೇಕಾತು. ಮಾಡಿದೆ. ಆಯುಷ್ಯ ಏನರ ಕಮ್ಮಿ ಆಗಿದ್ರ ತಿಳಸ್ರಿ. ಹೊಸ ಲೇಖನದ ಅಚ್ಚಿನಾಗೂ ನನ್ನ ಹೆಸರೇ ಕೂಡಿಸೀನಿ. ರುದ್ರವ್ವಜ್ಜಿಯನ್ನ ಕರಡಿನಿಂದ ಹೊರಗ ತಗದೆ. ಸೈಟು ಬಿದ್ದಿಲ್ಲ, ಚೊಲೋನೇ ಎದ್ದದ.

“ನಿಂದು ನಂದು ಅಂತ ಬ್ಯಾರೆ ಏನದ?” ಅಂತೀರಿ, ನನಗ ಗೊತ್ತದ. ಬ್ಯಾರೆ ಇಲ್ಲಂದ್ರ ಒಂದು ಫೈಲಿನ್ಯಾಗರ ನನ್ನ ಹೆಸರು ಯಾಕ ಇರಲಿಲ್ಲ? ಬಹುಮಾನ ಹಾಳಾಗಲಿ. ಅವರು ಕರದಾಗ “ಬರದಾಕಿ ನನ್ನ ಹೇಣ್ತಿ” ಅಂತ ಒಂದು ಮಾತು ಅಂದಿದ್ರ, ಜೀವನದಾಗ ಬ್ಯಾರೆ ಏನೂ ಕೇಳ್ತಿರಲಿಲ್ಲ. ಅಷ್ಟೂ ನಿಮಗ ಆಗಲಿಲ್ಲ. ನನಗ ಭಾಳ, ಭಾಳ ಕೆಟ್ಟನಿಸ್ಯದ.

ಖೋಲ್ಯಾಗ ನಿಮ್ಮ ಜೋಡಿ ಇರೋ ಫಕೀರಪ್ಪನವರಿಗೆ ನನ್ನ ನಮಸ್ಕಾರ ಹೇಳ್ರಿ. ನಿಮಗ ಏನು ಹೇಳಲಿ, ಹೊತ್ತಿಗೆ ಸರಿಯಾಗಿ ಊಟ ಮಾಡ್ರಿ.

ನೀಲಿಮಾ

ತಾ.ಕ.: ಕೊರಿಯರ್ ಅಂಗಡಿ ಮುಚ್ಚೋ ಹೊತ್ತಾತು, ಗಡಿಬಿಡಿಲೆ ಬರೀಲಿಕ್ಕತ್ತೀನಿ. ಬಳಗದ ಕಾರ್ಯದರ್ಶಿ ವಿಶಾಲಮ್ಮನವರಿಗೆ ಈಗಷ್ಟೇ ಫೋನ್ ಮಾಡಿದ್ದೆ. ಬರದಾಕಿ ನಾನು ಅಂದ್ರ ಮೊದಲು ನಂಬಲಿಲ್ಲ. ಲೇಖನದಾಗಿನ ಮಂದಿ ಬಗ್ಗೆ ಒಂದೊಂದೇ ಕೇಳಿದ್ರು, ಹೇಳಿದೆ. ಕಡೀಕ ಅವರೇ “ಬಹುಮಾನ ನಿಮ್ಮದೇ” ಅಂದ್ರು. ಆಮಂತ್ರಣ ಪತ್ರಿಕಿ ನನ್ನ ಹೆಸರು ಹಾಕಿ ಹೊಸದಾಗಿ ಅಚ್ಚಾಗ್ತದ. ನೀವು ಕೇಳಿದ ಭಾಷಣ ಬರದು ಮುಗಿಸೀನಿ, ಚೊಲೋ ಆಗೇದ, ನಾನೇ ಓದಾಕಿ. ನಿಮಗ ರಜಾ ಸಿಕ್ರ ನೀವೂ ಬರ್ರಿ. ಸಭಾಕ್ಕ ಪ್ರವೇಶ ಎಲ್ಲಾರಿಗೂ ಅದ.